ಅಲುಗಾಡಬೇಡಿ!

ಕೇಳುಗರಿಗೆ ನಮಸ್ಕಾರ.

ಕಳೆದ ತಿಂಗಳು ಪರಿಚಯದವರೊಬ್ಬರು ನನ್ನ ಮೊಬೈಲಿಗೆ ಒಂದು ಫೋಟೊ ಕಳುಹಿಸಿದರು. ನೂರು ವರ್ಷಗಳ ಹಿಂದಿನ ವಿಯೆಟ್ನಾಂ. ಬಣ್ಣದ ಚಿತ್ರ. ಅಂಗಡಿಯ ಮುಂದೆ ಕುಳಿತ ಹೆಂಗಸರು, ಪಕ್ಕದಲ್ಲಿ ಬುಟ್ಟಿಗಳು. ಕೆಳಗೆ ಅವರದೇ ಒಕ್ಕಣೆ: 'ಆ ಕಾಲದವರ ಮುಖದಲ್ಲಿ ಎಂಥ ನೆಮ್ಮದಿ ನೋಡಿ!' ನನಗೆ ರೇಗಿತು. ನೆಮ್ಮದಿ ಅಲ್ಲ ಸ್ವಾಮೀ, ಅಲುಗಾಡಬೇಡಿ ಎಂದು ಕೂರಿಸಿದ್ದಾರೆ! ಹಳೆಯ ಫೋಟೊ ಕೈಗೆ ಬಂದರೆ ಮೊದಲು ಕೇಳಬೇಕಾದದ್ದು ಒಂದೇ: ಇವರನ್ನು ಹೀಗೆ ನಿಲ್ಲಿಸಿದವರು ಯಾರು? ಇವತ್ತಿನ ನನ್ನ ಮಾತೆಲ್ಲ ಇದೊಂದೇ.

ಇದು ನನಗೆ ಗೊತ್ತಾದದ್ದು ನನ್ನ ಅಜ್ಜಿಯಿಂದ. ನನ್ನ ತಂದೆ ತೀರ್ಥಹಳ್ಳಿ ಕಡೆಯವರು, ಪೇಟೆಯಲ್ಲಿ ಒಂದು ಸ್ಟುಡಿಯೊ ಇಟ್ಟಿದ್ದರು. ಒಮ್ಮೆ ಅಧಿಕಾರಿಯೊಬ್ಬರು ಬಂದು, ವಸ್ತುಪ್ರದರ್ಶನಕ್ಕೆ ಹಳ್ಳಿಯ ದಿನನಿತ್ಯದ ಬದುಕಿನ ಫೋಟೊಗಳು ಬೇಕು ಎಂದರು. ಅಪ್ಪ ಅವರನ್ನು ನೇರವಾಗಿ ನಮ್ಮ ಮನೆಗೇ ಕರೆತಂದರು. ಅಜ್ಜಿ ಆಗ ಹಿತ್ತಿಲಿನಲ್ಲಿ ಭತ್ತ ಕುಟ್ಟುತ್ತಿದ್ದಳು. ಅಧಿಕಾರಿಗೆ ಬಹಳ ಖುಷಿಯಾಯಿತು, ಆದರೆ ಸೀರೆ ಹಿಡಿಸಲಿಲ್ಲ. ಪೆಟ್ಟಿಗೆಯಿಂದ ಧಾರೆ ಸೀರೆ ಹೊರಗೆ ಬಂತು. ಹಿತ್ತಿಲಿನಲ್ಲಿ ಬಚ್ಚಲಿನ ಹೊಗೆ ಎಂದು ಒರಳನ್ನೂ ಜಗಲಿಗೆ ಉರುಳಿಸಿಕೊಂಡು ಬಂದರು. ಭಾರವಾಗುತ್ತದೆಂದು ಅದರೊಳಗಿದ್ದ ಭತ್ತವನ್ನು ಮೊದಲೇ ತೆಗೆದಿದ್ದರು. ಅಪ್ಪನದು ಕರಿಬಟ್ಟೆ ಹೊದಿಸುವ ಹಳೇ ಕ್ಯಾಮೆರಾ, ಜಗಲಿಯಲ್ಲಿ ಬೆಳಕು ಸಾಲದು. "ಒನಕೆ ಎತ್ತಿ ಹಿಡಿ ಅಮ್ಮ, ಅಲುಗಾಡಬೇಡ" ಎಂದರು. ಅಜ್ಜಿ ಎತ್ತಿ ಹಿಡಿದಳು. ಒಂದು ಪ್ಲೇಟು ಕೆಟ್ಟಿತು, ಇನ್ನೊಂದು ಹಾಕಿದರು. ಅದೂ ಕೆಟ್ಟಿತು.

ಆ ಫೋಟೊ ಈಗಲೂ ನನ್ನ ಬಳಿ ಇದೆ. ರೇಷ್ಮೆ ಸೀರೆಯುಟ್ಟು, ಬರಿದಾದ ಒರಳಿನ ಮೇಲೆ ಒನಕೆ ಎತ್ತಿ ನಿಂತಿರುವ ಅಜ್ಜಿ. ಕಾಲಿನ ಬಳಿ ಬಿಳಿಯ ಮಸುಕೊಂದಿದೆ, ಅದು ಓಡಿಹೋದ ಕೋಳಿ. ಆ ಫೋಟೊದಲ್ಲಿ ತನ್ನ ಕೆಲಸ ತಾನು ಮಾಡಿಕೊಂಡಿದ್ದದ್ದು ಆ ಕೋಳಿ ಒಂದೇ! ಅಜ್ಜಿ ಸಾಯುವವರೆಗೂ ಹೇಳುತ್ತಿದ್ದಳು: "ಅವತ್ತು ಒಂದು ಕಾಳೂ ಕುಟ್ಟಲಿಲ್ಲ, ಕೈ ಮಾತ್ರ ಮೂರು ದಿನ ನೋಯಿತು."

ಇರಲಿ, ವಿಯೆಟ್ನಾಮಿಗೆ ಬರೋಣ. ಅದರ ಉತ್ತರ ಭಾಗವನ್ನು ಫ್ರೆಂಚರು ಟೊಂಕಿನ್ ಎಂದು ಕರೆಯುತ್ತಿದ್ದರು. 1880ರ ದಶಕದಿಂದ ಅಲ್ಲಿ ಅವರದೇ ಆಡಳಿತ. ಆಲ್ಬರ್ಟ್ ಕಾನ್ ಎಂಬ ಪ್ಯಾರಿಸ್ಸಿನ ಬ್ಯಾಂಕರ್ ಭೂಮಿಯ ಮೇಲಿನ ಬದುಕನ್ನೆಲ್ಲ ಬಣ್ಣದಲ್ಲಿ ಹಿಡಿದಿಡಬೇಕೆಂದು ಹೊರಟಿದ್ದರು. 1909ರಿಂದ 1931ರವರೆಗೆ ಸುಮಾರು 72,000 ಬಣ್ಣದ ಗಾಜಿನ ಪ್ಲೇಟುಗಳನ್ನು ಕೂಡಿಸಿದರು. ಟೊಂಕಿನ್‌ನಲ್ಲಿ ಅವರಿಗಾಗಿ ಚಿತ್ರ ತೆಗೆದವರು ಲೇಯೊಂ ಬ್ಯೂಸಿ. ಇವರು ಯಾರು? ಫ್ರೆಂಚ್ ಸೈನ್ಯದ ಸರಬರಾಜು ವಿಭಾಗದ ಅಧಿಕಾರಿ. ನೆನಪಿಟ್ಟುಕೊಳ್ಳಿ, ಅಧಿಕಾರಿ.

ಆ ಬಣ್ಣ ಬಂದದ್ದು ಆಲೂಗಡ್ಡೆಯಿಂದ ಎಂದರೆ ನಂಬುತ್ತೀರಾ? ಲೂಮಿಯೇರ್ ಸಹೋದರರು 1907ರಲ್ಲಿ ಮಾರುಕಟ್ಟೆಗೆ ತಂದ ಆಟೊಕ್ರೋಮ್ ಪ್ಲೇಟು ಅದು. ಆಲೂಗಡ್ಡೆಯ ಪಿಷ್ಟದ ಕಣಗಳಿಗೆ ಕಿತ್ತಳೆ, ಹಸಿರು, ನೇರಳೆ ಬಣ್ಣ ಹಾಕಿ, ರಂಗೋಲಿ ಪುಡಿಗಿಂತಲೂ ಎಷ್ಟೋ ನಯವಾಗಿ ಗಾಜಿನ ಮೇಲೆ ಹರಡುತ್ತಿದ್ದರು. ಬೆಳಕು ಅದರ ಮೂಲಕ ನುಸುಳಿ ಬರಬೇಕು. ಹಾಗಾಗಿ ಒಳ್ಳೆಯ ಬಿಸಿಲಿನಲ್ಲೂ ಒಂದೆರಡು ಸೆಕೆಂಡು, ನೆರಳಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಅಷ್ಟೂ ಹೊತ್ತು ಯಾರೂ ಕದಲುವಂತಿಲ್ಲ. ಹನೋಯಿಯ ಬೀದಿಯಲ್ಲಿ ನಿಂತು ಸೈನ್ಯದ ಅಧಿಕಾರಿಯೊಬ್ಬರು ಅಲುಗಾಡಬೇಡಿ ಎಂದರೆ ಆಗುವುದಿಲ್ಲ ಎನ್ನುವ ಧೈರ್ಯ ಯಾವ ವ್ಯಾಪಾರಿಗಿತ್ತು? ಕದಲಿದವರು ನನ್ನಜ್ಜಿಯ ಕೋಳಿಯಂತೆ ಮಸುಕಾಗಿ ಹೋದರು. ಆ ಮಸುಕನ್ನು ಹುಡುಕಿ ನೋಡಿ, ಚಿತ್ರದಲ್ಲಿ ಬದುಕು ನಡೆಯುತ್ತಿದ್ದದ್ದು ಅಲ್ಲಿ.

ಬ್ಯೂಸಿಯವರ ಒಂದು ಹೆಸರಾಂತ ಚಿತ್ರ ಅಫೀಮು ಸೇದುತ್ತಾ ಮಲಗಿರುವವರದು. ಪಿಯೆರ್ ದ್ಯೂಲ್ಫಿಸ್ ಎಂಬ ಮಾಜಿ ಸೈನಿಕ ಹನೋಯಿಯಲ್ಲಿ ಮಾರುತ್ತಿದ್ದ ಅಂಚೆ ಕಾರ್ಡುಗಳಲ್ಲೂ ಅಫೀಮು ಸೇದುವವರಿದ್ದಾರೆ. ನನಗೊಂದು ಗುಮಾನಿ. ನಾಟಿ ಮಾಡುವವಳು ಬಗ್ಗಿದಲ್ಲೇ ನಿಲ್ಲಲಾರಳು, ಅಫೀಮಿನವನು ಹೇಗೂ ಕದಲುವುದಿಲ್ಲ. ಛಾಯಾಗ್ರಾಹಕನಿಗೆ ಇನ್ನೇನು ಬೇಕು! ಆ ಕಾರ್ಡು ಪ್ಯಾರಿಸ್ಸಿಗೆ ಹೋದಾಗ, ನೋಡಿದವರು ಆ ಜನ ಸೋಮಾರಿಗಳು ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಅಫೀಮು ಮಾರುತ್ತಿದ್ದವರು ಯಾರು? ಸರ್ಕಾರವೇ. 1897ರಿಂದ 1902ರವರೆಗೆ ಅಲ್ಲಿ ಫ್ರೆಂಚರ ಗವರ್ನರ್ ಜನರಲ್ ಆಗಿದ್ದ ಪಾಲ್ ದೂಮೇರ್ ಅಫೀಮು, ಸಾರಾಯಿ, ಉಪ್ಪು ಮೂರರ ಮಾರಾಟವನ್ನೂ ಸರ್ಕಾರದ ಕೈಯಲ್ಲಿ ಭದ್ರಮಾಡಿದ್ದರು. ಖಜಾನೆಯ ದೊಡ್ಡ ಆದಾಯ ಅದು. ಅಫೀಮು ಮಾರುವ ಆ ಸರ್ಕಾರ ಚಿತ್ರದೊಳಗೆ ಬರುವುದೇ ಇಲ್ಲ.

ಸಮಯ ಓಡುತ್ತಿದೆ, ಅಲ್ಜೀರಿಯವನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಅದೂ ಫ್ರೆಂಚರ ಕೈಯಲ್ಲಿದ್ದ ದೇಶ. 1960. ಅಲ್ಲಿ ಸ್ವಾತಂತ್ರ್ಯದ ಯುದ್ಧ. ಹಳ್ಳಿಯವರನ್ನು ಎಬ್ಬಿಸಿ ಸೈನ್ಯದ ಕಾವಲಿನ ವಸತಿಗಳಿಗೆ ಸಾಗಿಸಿದ್ದರು. ಎಲ್ಲರಿಗೂ ಗುರುತಿನ ಚೀಟಿ ಮಾಡಿಸಬೇಕೆಂದು ಹುಕುಂ ಬಂತು. ಮಾರ್ಕ್ ಗರಾಂಜೆ ಎಂಬ ಇಪ್ಪತ್ತೈದರ ಫ್ರೆಂಚ್ ಸೈನಿಕ ಹತ್ತು ದಿನದಲ್ಲಿ ಸುಮಾರು 2,000 ಜನರ ಫೋಟೊ ತೆಗೆದರು. ಹೆಚ್ಚಿನವರು ಹೆಂಗಸರು. ಸುಣ್ಣ ಬಳಿದ ಗೋಡೆ, ಒಂದು ಸ್ಟೂಲು. ಮುಸುಕು ತೆಗೆಯಬೇಕು, ಅದು ಆಜ್ಞೆ. ಅಷ್ಟು ಹೊತ್ತಿಗೆ ಕ್ಯಾಮೆರಾಗಳು ಚುರುಕಾಗಿದ್ದವು, ಕಣ್ಣು ಮಿಟುಕಿಸುವಷ್ಟೂ ಸಮಯ ಬೇಕಿರಲಿಲ್ಲ. ಆದರೂ ಆ ಹೆಂಗಸರು ಕದಲಲಿಲ್ಲ. ಲೆನ್ಸಿನೊಳಗೆ ನೇರವಾಗಿ ನೋಡಿದರು. ಹೇಗೆ ನೋಡಿದ್ದಾರೆಂದು ರೇಡಿಯೊದಲ್ಲಿ ತೋರಿಸಲು ಸಾಧ್ಯವಿಲ್ಲ, ಅದೇ ನನ್ನ ಸಂಕಟ. 2004ರಲ್ಲಿ ಗರಾಂಜೆ ಆ ಚಿತ್ರಗಳನ್ನು ಹಿಡಿದುಕೊಂಡು ಅದೇ ಊರುಗಳಿಗೆ ಮತ್ತೆ ಹೋದರು, ಅವರಲ್ಲಿ ಬದುಕಿದ್ದವರನ್ನು ಹುಡುಕುತ್ತಾ.

ಫ್ರೆಂಚರೇ ಆಳಿದ, ಇಲ್ಲೇ ಪಕ್ಕದ ಪಾಂಡಿಚೇರಿಯದೂ ಹೇಳಬೇಕೆಂದಿದ್ದೆ. ಅಲ್ಲಿನ ತಳ್ಳುಗಾಡಿಯ ಒಂದು ಅಂಚೆ ಕಾರ್ಡು ನನ್ನ ಜೇಬಿನಲ್ಲೇ ಇದೆ. ಆ ಸಮಯವನ್ನೆಲ್ಲ ಅಜ್ಜಿ ತಿಂದುಬಿಟ್ಟಳು. ಮತ್ತೆ ಕರೆದರೆ ಅದರಿಂದಲೇ ಶುರುಮಾಡುತ್ತೇನೆ.

ನಮಸ್ಕಾರ.