ಕಾರ್ಡ್ ಇದೆಯಲ್ಲ, ಪಾಲಿಸಿ ಯಾಕೆ ಅಂದ ತಮ್ಮನಿಗೆ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡೋದಿತ್ತು, ಸ್ಕ್ರಿಪ್ಟೂ ರೆಡಿ ಇತ್ತು. ಪಕ್ಕಕ್ಕಿಟ್ಟೆ. ಹೋದ ವಾರದ ವಿಡಿಯೋ ಕೆಳಗೆ ಒಬ್ಬ ತಮ್ಮ ಬರೆದಿದ್ದಾನೆ: "ಅಣ್ಣ, ಸರ್ಕಾರದ 5 ಲಕ್ಷದ ಆರೋಗ್ಯ ಕಾರ್ಡ್ ಜೇಬಲ್ಲಿದೆ. ಏನಾದ್ರೂ ಬಂದಾಗ ಪಾಲಿಸಿ ನೋಡ್ಕೊಂಡ್ರಾಯ್ತು ಬಿಡಿ." ಅದಕ್ಕೆ ಲೈಕ್ ಬೇರೆ ಸಿಕ್ಕಾಪಟ್ಟೆ. ಓದಿದಾಗಿನಿಂದ ನಂಗೆ ಸಮಾಧಾನ ಇಲ್ಲ.

ಏನಾದ್ರೂ ಬಂದಾಗ ಆರೋಗ್ಯ ವಿಮೆ ಪಾಲಿಸಿ ಸಿಗಲ್ಲಪ್ಪ. ಸಿಕ್ಕಿದ್ರೂ ಬಂದಿರೋದಕ್ಕೆ ತಕ್ಷಣ ದುಡ್ಡು ಕೊಡಲ್ಲ. ಮೈ ಗಟ್ಟಿಯಾಗಿರುವಾಗಲೇ ತಗೋಬೇಕು. ಇವತ್ತು ನಾನು ಹೇಳೋದು ಇದೊಂದೇ.

ಮೊದಲು ಆ ಕಾರ್ಡ್. ನಾನು ಅದರ ವಿರೋಧಿ ಅಲ್ಲ. ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ, ಮೆದುಳು-ನರಕ್ಕೆ ನಿಮ್ಹಾನ್ಸ್, ಇವು ಎಷ್ಟು ಮನೆಗಳ ದೀಪ ಆರದ ಹಾಗೆ ಕಾದಿವೆ ಅಂತ ನಂಗೆ ಗೊತ್ತು. ಕಾರ್ಡ್ ಮಾಡಿಸದೇ ಇದ್ರೆ ಮೊದಲು ಹೋಗಿ ಮಾಡಿಸಿ. ಆದ್ರೆ ನಿಮ್ಮ ಮನೆಯ ರೇಷನ್ ಕಾರ್ಡ್ ಯಾವುದು? 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅನ್ನೋದು ಬಿಪಿಎಲ್‌ನವರಿಗೆ. ಎಪಿಎಲ್ ಆದ್ರೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದಲ್ಲಿ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಮಿಕ್ಕಿದ್ದು ನಿಮ್ಮ ಕೈಯಿಂದ. ತುರ್ತು ಅಲ್ಲದಿದ್ರೆ ಖಾಸಗಿ ಆಸ್ಪತ್ರೆಗೆ ನೇರವಾಗಿ ನುಗ್ಗೋ ಹಾಗೂ ಇಲ್ಲ, ಸರ್ಕಾರಿ ಆಸ್ಪತ್ರೆಯಿಂದ ರೆಫರಲ್, ಅಂದ್ರೆ ಶಿಫಾರಸು ಪತ್ರ ಬೇಕು. ಎಷ್ಟು ಜನ ಎಪಿಎಲ್ ಕಾರ್ಡ್ ಇಟ್ಕೊಂಡು 5 ಲಕ್ಷದ ನೆಮ್ಮದಿಯಲ್ಲಿ ಮಲಗ್ತಿದ್ದೀರೋ!

ನಮ್ಮ ದೊಡ್ಡಪ್ಪನೂ ಹಾಗೇ ಮಲಗಿದ್ದವರು. ಕಿಬ್ಬೊಟ್ಟೆಯ ಹತ್ತಿರ ನಿಂಬೆಹಣ್ಣಿನಷ್ಟು ಗಂಟು. ಕೆಮ್ಮಿದಾಗ ಹೊರಗೆ ಬರೋದು, ಕೈಯಲ್ಲಿ ಒತ್ತಿ ಒಳಗೆ ತಳ್ಳಿಕೊಂಡು ಓಡಾಡೋರು. ಯಾರಿಗೂ ಹೇಳಲಿಲ್ಲ. ಅದು ಜಾಸ್ತಿ ಆಗ್ತಾ ಬಂದ ಮೇಲೆ ಒಂದು ಪಾಲಿಸಿ ತಗೊಂಡ್ರು. 14 ತಿಂಗಳಿಗೆ ನೋವು ತಡೆಯಲಾರದೆ ಆಸ್ಪತ್ರೆ ಸೇರಿದ್ರು. ಇನ್ಶೂರೆನ್ಸ್ ಡೆಸ್ಕಲ್ಲಿದ್ದ ಹುಡುಗಿ ಕಂಪ್ಯೂಟರ್ ಪರದೆಯನ್ನ ನಮ್ಮ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಪೆನ್ನಿಟ್ಟು ತೋರಿಸಿದಳು: ಹರ್ನಿಯಾ, 24 ತಿಂಗಳು ಕಾಯಬೇಕು. ದೊಡ್ಡಪ್ಪ ಬೆರಳು ಮಡಚಿ ಎಣಿಸಿದ್ರು. "ಇನ್ನೂ 10 ತಿಂಗಳು ಇದೆಯಲ್ಲಮ್ಮ" ಅಂದ್ರು. ಅವಳು ತಲೆ ತಗ್ಗಿಸಿದಳು. ಎಪಿಎಲ್ ಕಾರ್ಡ್, ಕೈಯಲ್ಲಿ ರೆಫರಲ್ ಇಲ್ಲ. ದೊಡ್ಡಮ್ಮ ಅಲ್ಲೇ ಬೆಂಚ್ ಮೇಲೆ ಕೂತು ಬಳೆ ಬಿಚ್ಚಿದ್ರು. ಗಾಜಿನ ಬಳೆ ಎರಡು ಉಳಿದವು.

ಅದಕ್ಕೇ ಹೇಳೋದು, ಮೈ ಗಟ್ಟಿಯಾಗಿರುವಾಗಲೇ ತಗೊಳ್ಳಿ!

ಪಾಲಿಸಿ ಶುರುವಾದ ಮೊದಲ 30 ದಿನ ಅಪಘಾತ ಬಿಟ್ರೆ ಬೇರೆ ಯಾವುದಕ್ಕೂ ಕ್ಲೇಮ್ ಇಲ್ಲ. ಹರ್ನಿಯಾ, ಕಣ್ಣಿನ ಪೊರೆ ಥರದ್ದಕ್ಕೆ ಬೇರೆ ಗಡುವು. ಮೊದಲೇ ಇದ್ದ ಶುಗರ್, ಬಿಪಿಗೆ ಮೂರು ವರ್ಷದವರೆಗೂ ಕಾಯಿಸಬಹುದು. 2024ಕ್ಕೆ ಮುಂಚೆ ನಾಲ್ಕಿತ್ತು, ವಿಮೆ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಇಳಿಸಿತು. ಈ ದಿನಗಳ ಲೆಕ್ಕ ಎಲ್ಲಾ ನೀವು ಪಾಲಿಸಿ ತಗೊಂಡ ದಿನದಿಂದ ಶುರು. ಕಾಯಿಲೆ ಬಂದ ದಿನದಿಂದ ಅಲ್ಲ. ಆಮೇಲೆ ಹೋಗೋದು ಅಂದ್ರೆ ಎಲೆ ಎತ್ತಿದ ಮೇಲೆ ಪಂಕ್ತೀಲಿ ಕೂತು ಹೋಳಿಗೆ ಕೇಳಿದ ಹಾಗೆ.

"ಕಂಪನಿಯವರು ಕ್ಲೇಮ್ ಕೊಡಲ್ಲ ಬಿಡಿ" ಅಂತ ಒಬ್ಬರು. ಅರ್ಜಿ ತುಂಬುವಾಗ ಬಿಪಿ ಮಾತ್ರೆ ನುಂಗ್ತಿರೋದನ್ನ ಮುಚ್ಚಿಟ್ರೆ ಯಾರು ಕೊಡ್ತಾರೆ ಸ್ವಾಮಿ? ನಿಜ ಬರೀರಿ. ಐದು ವರ್ಷ ಬಿಡದೆ ಕಟ್ಟಿಕೊಂಡು ಬಂದ್ರೆ, ವಂಚನೆ ಅಂತ ಸಾಬೀತು ಮಾಡದ ಹೊರತು ಅವರು ನಿಮ್ಮ ಹಳೇ ಕಾಯಿಲೆಯ ಕಥೆ ಕೆದಕೋ ಹಾಗಿಲ್ಲ. ಆ ಐದು ವರ್ಷ ಯಾವಾಗ ಶುರುವಾಗಬೇಕು? ಹೇಳಿ ನೀವೇ. ಮೈ ಗಟ್ಟಿಯಾಗಿರುವಾಗ!

"ಆಫೀಸಲ್ಲಿ ಇನ್ಶೂರೆನ್ಸ್ ಇದೆ." ಇದೆ, ಕೆಲಸ ಇರೋವರೆಗೆ. ಐವತ್ತಕ್ಕೆ ಕೆಲಸ ಹೋದ್ರೆ ಐವತ್ತರ ಮೈ ಇಟ್ಕೊಂಡು ಹೊಸ ಪಾಲಿಸಿಗೆ ಅಲೆಯಿರಿ ಆಗ. "ಪ್ರೀಮಿಯಂ ಜಾಸ್ತಿ." 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಮೇಲಿನ ಶೇಕಡಾ 18 ಜಿಎಸ್‌ಟಿ ತೆಗೆದಿದ್ದಾರೆ, ಆ ನೆಪವೂ ಸಣ್ಣದಾಯ್ತು. "ಏನೂ ಆಗದಿದ್ರೆ ಕಟ್ಟಿದ ದುಡ್ಡು ದಂಡ ಅಲ್ವಾ?" ಏನೂ ಆಗದೇ ಇರಲಿ ಅಂತ ದೇವರಿಗೆ ಕೈ ಮುಗಿಯೋರೂ ನೀವೇ ಅಲ್ವೇನ್ರೀ!

ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿಲ್ಲ ಅಂದ್ರೆ ಈಗ ಆಗಿ, ಗಂಟೆನೂ ಒತ್ತಿ. ನಾನು ಯಾವ ಕಂಪನಿಯ ಏಜೆಂಟೂ ಅಲ್ಲ, ಡಿಸ್ಕ್ರಿಪ್ಷನ್‌ನಲ್ಲಿ ಯಾವ ಲಿಂಕೂ ಇಲ್ಲ. ಭಾನುವಾರ ಸಂಜೆ ಲೈವ್ ಬರ್ತೀನಿ. ನಿಮ್ಮ ಪಾಲಿಸಿ ಪತ್ರ ಕೈಯಲ್ಲಿ ಹಿಡ್ಕೊಂಡು ಬನ್ನಿ. ರೂಮ್ ಬಾಡಿಗೆಗೆ ಮಿತಿ ಇದೆಯಾ ಅನ್ನೋ ಸಾಲನ್ನ ಒಟ್ಟಿಗೆ ಹುಡುಕೋಣ. ಆ ಮಿತಿ ಮೀರಿದ ರೂಮ್ ತಗೊಂಡ್ರೆ ಬಾಡಿಗೆ ಒಂದೇ ಅಲ್ಲ, ಡಾಕ್ಟರ್ ಫೀಸಿನಂಥದ್ದೂ ಅದೇ ಅನುಪಾತದಲ್ಲಿ ಕಡಿತ ಆಗಬಹುದು. ಅದರ ಬಗ್ಗೆ ಇನ್ನೊಂದು ಪೂರ್ತಿ ವಿಡಿಯೋ ಮಾಡ್ತೀನಿ. ಇವತ್ತು ಬೇಡ, ಇವತ್ತು ನಂಗೆ ಈ "ಬಂದಾಗ ನೋಡ್ಕೊಂಡ್ರಾಯ್ತು" ತಲೇಲಿ ಕೂತುಬಿಟ್ಟಿದೆ.

ಬಂದಾಗ ನೋಡ್ಕೊಳ್ಳೋದು ಏನನ್ನ? ಯಾವ ಮುಖ ಇಟ್ಕೊಂಡು? ಇಲ್ಲ, ನಂಗೆ ನಿಜವಾಗ್ಲೂ ಕೋಪ ಬರ್ತಿದೆ. ಮೈ ಗಟ್ಟಿಯಾಗಿರುವಾಗಲೇ ಮಾಡಿಸಿ ಅಂದ್ರೆ ಮಾಡಿಸ್ಬೇಕಷ್ಟೆ!

ಕಾಮೆಂಟ್ ಹಾಕಿದ ತಮ್ಮ, ನಿನ್ನ ಹೆಸರು ಹೇಳಲ್ಲ. ಈ ವಿಡಿಯೋ ಕೆಳಗೆ ಮೂರೇ ಮೂರು ವಿಷಯ ಬರಿ: ನಿಂಗೆ ವಯಸ್ಸೆಷ್ಟು, ಮನೇಲಿ ಇರೋದು ಎಪಿಎಲ್ಲೋ ಬಿಪಿಎಲ್ಲೋ, ಅಪ್ಪ-ಅಮ್ಮನಿಗೆ ಶುಗರ್ ಇದೆಯಾ. ನಾನೇ ಕೂತು ಉತ್ತರ ಬರೀತೀನಿ.