ಸೀಟಿನ ಪ್ಲಗ್ ನಂಬಿ ಹೊರಟರೆ

ಕೇಳುಗರೇ, ನಮಸ್ಕಾರ.

ಬೋರ್ಡಿಂಗ್ ಪಾಸು, ಹೋಟೆಲಿನ ವಿಳಾಸ, ಕರೆಯಲು ಬರುವವರ ನಂಬರು, ಎಲ್ಲವೂ ಈಗ ಫೋನಿನಲ್ಲೇ. "ವಿಮಾನದಲ್ಲಿ ಪ್ಲಗ್ ಇರುತ್ತಲ್ಲ, ಅಲ್ಲೇ ಚಾರ್ಜ್ ಹಾಕಿದರಾಯ್ತು" ಅಂತ ನಾನೂ ಒಮ್ಮೆ ಆರಾಮಾಗಿ ಹೊರಟಿದ್ದೆ. ಪ್ಲಗ್ ಇತ್ತು. ಆದರೆ ಎಷ್ಟು ಜನ ಚುಚ್ಚಿ ಕಿತ್ತಿದ್ದರೋ, ಪೂರ್ತಿ ಸಡಿಲ. ಚಾರ್ಜರ್ ತನ್ನ ಭಾರಕ್ಕೇ ಜಾರಿ ಬೀಳುತ್ತಿತ್ತು. ಕೊನೆಗೆ ಮೊಣಕಾಲಿನಿಂದ ಒತ್ತಿ ಹಿಡಿದು ಕೂತೆ. ನಿದ್ದೆ ಬಂತು, ಕಾಲು ಸರಿಯಿತು, ಚಾರ್ಜೂ ನಿಂತಿತು.

ಸಣ್ಣ ವಿಮಾನಗಳಲ್ಲಿ ಎಷ್ಟೋ ಸಲ ಪ್ಲಗ್ಗೇ ಇರುವುದಿಲ್ಲ. ಹಳೆಯ ಯುಎಸ್‌ಬಿ ಪೋರ್ಟು ಕೆಲವು ಕಡೆ ಅರ್ಧ ಆಂಪಿಯರ್ ಅಷ್ಟೇ ಕೊಡುತ್ತದೆ, ಅಂದರೆ ಎರಡೂವರೆ ವಾಟ್. ಸಿನಿಮಾ ನೋಡುತ್ತಾ ಚಾರ್ಜ್ ಮಾಡಿದರೆ ಬ್ಯಾಟರಿ ಮೇಲೇಳುವುದೇ ಇಲ್ಲ. ಜಾಸ್ತಿ ಕರೆಂಟ್ ಎಳೆಯುವ ಲ್ಯಾಪ್‌ಟಾಪ್ ಹಾಕಿದರೆ ಸಾಕೆಟ್ಟೇ ಬಂದ್ ಆಗುವುದೂ ಉಂಟು.

ಹಾಗಾದರೆ ಪವರ್ ಬ್ಯಾಂಕ್ ಇದೆಯಲ್ವಾ? ಇದೆ. ಒಮ್ಮೆ ಅದನ್ನು ತಿರುಗಿಸಿ ಬೆನ್ನು ನೋಡಿ. ಸಣ್ಣ ಅಕ್ಷರದಲ್ಲಿ ವಾಟ್-ಅವರ್ (Wh) ಅಂತ ಬರೆದಿರುತ್ತದೆ, ಅಂದರೆ ಒಳಗೆ ಎಷ್ಟು ವಿದ್ಯುತ್ ಶಕ್ತಿ ಹಿಡಿಯುತ್ತದೆ ಅನ್ನುವ ಲೆಕ್ಕ. ನೂರರವರೆಗೆ ಸಾಮಾನ್ಯವಾಗಿ ತಕರಾರಿಲ್ಲ. 100ರಿಂದ 160ರ ನಡುವೆ ಇದ್ದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಅದಕ್ಕಿಂತ ದೊಡ್ಡದನ್ನು ಒಯ್ಯುವಂತೆಯೇ ಇಲ್ಲ. ಬರೀ ಎಂಎಎಚ್ (mAh), ಅಂದರೆ ಮಿಲಿಆಂಪಿಯರ್-ಅವರ್ ಇದ್ದರೆ ಅದನ್ನು ಒಳಗಿನ ಸೆಲ್ಲಿನ ವೋಲ್ಟೇಜಾದ 3.7ರಿಂದ ಗುಣಿಸಿ, ಸಾವಿರದಿಂದ ಭಾಗಿಸಿ. 20,000ದ ಪವರ್ ಬ್ಯಾಂಕು 74 ವಾಟ್-ಅವರ್ ಆಯಿತು. ಆ ಅಕ್ಷರ ಉಜ್ಜಿ ಅಳಿಸಿಹೋಗಿದ್ದರೆ ತಪಾಸಣೆಯವರು ಎತ್ತಿಟ್ಟುಕೊಳ್ಳಬಹುದು. ವಾದ ಮಾಡಿ ಪ್ರಯೋಜನವಿಲ್ಲ.

ಚೆಕ್-ಇನ್ ಸೂಟ್‌ಕೇಸಿನಲ್ಲಿ ಮಾತ್ರ ಪವರ್ ಬ್ಯಾಂಕ್ ಹಾಕಲೇಬಾರದು. ಲಿಥಿಯಂ ಬ್ಯಾಟರಿಯೊಳಗೆ ಒಂದು ಸೆಲ್ ಕೆಟ್ಟು ಕಾದರೆ, ಆ ಬಿಸಿ ಪಕ್ಕದ ಸೆಲ್‌ಗೂ ಹತ್ತುತ್ತದೆ. ಕೈಚೀಲದಲ್ಲಿ ನಮ್ಮ ಜೊತೆಗೇ ಇದ್ದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ಬೆಂಕಿ ಆರಿಸಿ ನೀರು ಸುರಿದು ತಣ್ಣಗಾಗಿಸುತ್ತಾರೆ. ಕೆಳಗಿನ ಸರಕಿನ ಕೋಣೆಯಲ್ಲಿ ನೋಡುವವರು ಯಾರು? ಗೇಟಿನಲ್ಲಿ "ಜಾಗವಿಲ್ಲ, ಬ್ಯಾಗ್ ಕೆಳಗೆ ಕಳಿಸುತ್ತೇವೆ" ಅಂದಾಗ ಗಡಿಬಿಡಿಯಲ್ಲಿ ಮರೆಯುವುದೂ ಇದನ್ನೇ. ಮೊದಲು ಹೊರಗೆ ತೆಗೆದುಕೊಳ್ಳಿ.

2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್ ವಿಮಾನ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ವಿಮಾನವೊಂದು ಸುಟ್ಟುಹೋಯಿತು. ಎಲ್ಲರೂ ಪಾರಾದರು. ಅನುಮಾನ ಹೋದದ್ದು ತಲೆ ಮೇಲಿನ ಲಗೇಜ್ ಗೂಡಿನಲ್ಲಿದ್ದ ಪವರ್ ಬ್ಯಾಂಕಿನ ಮೇಲೆ. ಆಮೇಲೆ ಹಲವು ಸಂಸ್ಥೆಗಳು ನಿಯಮ ಬಿಗಿ ಮಾಡಿವೆ. ಅದನ್ನು ಮೇಲೆ ಇಡಬೇಡಿ ಅನ್ನುವವರಿದ್ದಾರೆ, ಹಾರಾಟದಲ್ಲಿ ಬಳಸಲೇಬೇಡಿ ಅನ್ನುವವರೂ ಇದ್ದಾರೆ. ಹೊರಡುವ ಮುಂಚೆ ನಿಮ್ಮ ವಿಮಾನದವರು ಏನು ಹೇಳುತ್ತಾರೆ ನೋಡಿಕೊಳ್ಳಿ.

ಹೀಗಾಗಿ ನಾನಂತೂ ಈಗ ಹೊರಡುವ ಹಿಂದಿನ ರಾತ್ರಿಯೇ ಎಲ್ಲದಕ್ಕೂ ಪೂರ್ತಿ ಚಾರ್ಜ್ ತುಂಬಿಸಿಕೊಳ್ಳುತ್ತೇನೆ. ಸೀಟಿನಲ್ಲಿ ಕೂತ ಕೂಡಲೇ ಏರೋಪ್ಲೇನ್ ಮೋಡ್. ಇಲ್ಲದಿದ್ದರೆ ಫೋನು ಸಿಗದ ಟವರ್ ಹುಡುಕುತ್ತಾ ಸುಮ್ನೆ ಬ್ಯಾಟರಿ ಕುಡಿಯುತ್ತದೆ.

ಇನ್ನೊಂದು ಮಾತು. ಫೋನು ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಹಿಂದೆ ಮುಂದೆ ಮಾಡಬೇಡಿ. ಒಳಗಿನ ಕಬ್ಬಿಣಕ್ಕೆ ಸಿಕ್ಕಿ ಬ್ಯಾಟರಿ ಜಜ್ಜಿಹೋದೀತು. ಗುಂಡಿ ಒತ್ತಿ ಸಿಬ್ಬಂದಿಯನ್ನು ಕರೆಯಿರಿ, ಅವರೇ ಬಂದು ತೆಗೆದುಕೊಡುತ್ತಾರೆ. ನಮಸ್ಕಾರ.