ಹುಲಿ ಕರಗಿ ತುಪ್ಪವಾದ ಕಥೆ

ಕೇಳುಗರಿಗೆ ನಮಸ್ಕಾರ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಓದಿ ಹೇಳುವ ಅಪ್ಪ-ಅಮ್ಮ, ಅಜ್ಜ-ಅಜ್ಜಿಯರೇ, ಇವತ್ತಿನ ಮಾತು ನಿಮಗೆ. ಇರುವುದು ಒಂದೇ ಮಾತು: ಪುಸ್ತಕ ಮುಚ್ಚಿಟ್ಟರೂ ಅದರೊಳಗಿನ ಹೆಸರು ಮುಚ್ಚಿಹೋಗುವುದಿಲ್ಲ.

‘ಲಿಟಲ್ ಬ್ಲ್ಯಾಕ್ ಸ್ಯಾಂಬೊ’ ಕಥೆಯನ್ನು ಬರೆದವರು ಸ್ಕಾಟ್ಲೆಂಡಿನ ಹೆಲೆನ್ ಬ್ಯಾನರ್‌ಮನ್. ಗಂಡ ಮದ್ರಾಸಿನಲ್ಲಿ ಸರ್ಕಾರಿ ವೈದ್ಯರು. ಹೆಣ್ಣುಮಕ್ಕಳನ್ನು ಕೊಡೈಕೆನಾಲಿನಲ್ಲಿ ಬಿಟ್ಟು ರೈಲಿನಲ್ಲಿ ಮದ್ರಾಸಿಗೆ ಹಿಂತಿರುಗುವಾಗ ಆ ಮಕ್ಕಳಿಗಾಗಿಯೇ ಹೆಣೆದ ಕಥೆಯಿದು. ಚಿತ್ರಗಳೂ ಅವರವೇ. 1899ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಹಕ್ಕು ಬರೀ 5 ಪೌಂಡಿಗೆ ಕೈಬಿಟ್ಟುಹೋಯಿತು.

ಕಥೆ ಎಷ್ಟು ಸೊಗಸು, ಕೇಳಿ. ಹುಡುಗನಿಗೆ ಕೆಂಪು ಕೋಟು, ನೀಲಿ ಚಡ್ಡಿ, ಹಸಿರು ಕೊಡೆ, ನೇರಳೆ ಬೂಟು. ಕಾಡಿಗೆ ಹೋದರೆ ಒಂದಾದ ಮೇಲೊಂದು ಹುಲಿ ಎದುರಾಗಿ “ನಿನ್ನನ್ನು ತಿಂತೀನಿ” ಅನ್ನುತ್ತದೆ. ಹುಡುಗ ಒಂದಕ್ಕೆ ಕೋಟು ಕೊಡುತ್ತಾನೆ, ಇನ್ನೊಂದಕ್ಕೆ ಚಡ್ಡಿ. ಬೂಟು ಸಿಕ್ಕ ಹುಲಿ ಅದನ್ನು ಕಿವಿಗೆ ಏರಿಸಿಕೊಳ್ಳುತ್ತದೆ, ಕೊಡೆ ಸಿಕ್ಕಿದ್ದು ಬಾಲಕ್ಕೆ ಸಿಕ್ಕಿಸಿಕೊಳ್ಳುತ್ತದೆ! ಆಮೇಲೆ ನಾನು ಚೆಂದ, ತಾನು ಚೆಂದ ಎಂದು ಜಗಳ. ಒಂದರ ಬಾಲ ಇನ್ನೊಂದು ಕಚ್ಚಿಕೊಂಡು ಮರದ ಸುತ್ತ ಓಡಿ ಓಡಿ, ಕೊನೆಗೆ ಕರಗಿ ತುಪ್ಪವಾಗುತ್ತವೆ. ಅಪ್ಪ ಅದನ್ನು ಹಿತ್ತಾಳೆ ಪಾತ್ರೆಗೆ ತುಂಬಿ ತರುತ್ತಾನೆ, ಅಮ್ಮ ಪ್ಯಾನ್‌ಕೇಕ್ ಹುಯ್ಯುತ್ತಾಳೆ. ಅಮ್ಮ ತಿಂದದ್ದು 27, ಅಪ್ಪ 55, ಮಗ 169! ಯಾವ ಮಗು ನಗದೆ ಇರುತ್ತದೆ ಹೇಳಿ?

ಆದರೆ ಹೆಸರು? ಅಮೆರಿಕದಲ್ಲಿ ‘ಸ್ಯಾಂಬೊ’ ಎನ್ನುವುದು ಕಪ್ಪು ಜನರನ್ನು ಹೀಗಳೆಯುವ ಹೆಸರು. ಅಲ್ಲಿನ ಪ್ರಕಾಶಕರು ತಮಗೆ ಬೇಕಾದ ಹಾಗೆ ಹೊಸ ಚಿತ್ರ ಬರೆಸಿದರು: ದಪ್ಪ ತುಟಿ, ಗುಡ್ಡೆಗಣ್ಣು. ಬ್ಯಾನರ್‌ಮನ್ ಅವರ ಸ್ವಂತ ಚಿತ್ರಗಳೂ ಅಷ್ಟೇನೂ ಮರ್ಯಾದೆಯವಲ್ಲ. ಹುಲಿ, ತುಪ್ಪ ಎಲ್ಲ ಇಂಡಿಯಾದ್ದೇ ಆಗಿದ್ದರೂ ಹಂಗಿಸಿಕೊಂಡದ್ದು ಅಮೆರಿಕದ ಕಪ್ಪು ಮಗು. ತರಗತಿಯಲ್ಲಿ ಟೀಚರ್ ಗಟ್ಟಿಯಾಗಿ ಓದುತ್ತಾರೆ, ಉಳಿದವರೆಲ್ಲ ತಿರುಗಿ ಆ ಮಗುವನ್ನೇ ನೋಡುತ್ತಾರೆ, ಆಟದ ಬಯಲಿಗೆ ಬಂದರೆ ಅದಕ್ಕೆ ಅದೇ ಹೆಸರು. ಬಿಳಿಯ ಮಗುವಿಗೆ ತಮಾಷೆಯಾದದ್ದು, ಮೊದಲೇ ನೊಂದ ಮಗುವಿಗೆ ಇನ್ನೊಂದು ಕಟು ಮಾತು ಎಂದು ಕವಿ ಲ್ಯಾಂಗ್ಸ್ಟನ್ ಹ್ಯೂಸ್ 1932ರಲ್ಲೇ ಬರೆದರು. “ಮಕ್ಕಳ ಕಥೆ ತಾನೇ, ಬಿಡಿ” ಅನ್ನುವವರನ್ನು ಕಂಡರೆ ನನಗೆ ಬೇಸರವಾಗುವುದು ಇದಕ್ಕೇ. ಕೇಳಿಸಿಕೊಂಡದ್ದೂ ಮಗುವೇ ಅಲ್ಲವೇ?

ಸಮಯ ಮುಗಿಯುತ್ತಾ ಬಂತು, ಬೇಗ ಹೇಳುತ್ತೇನೆ. 1957ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಇಬ್ಬರು ಪಾಲುದಾರರು ತಮ್ಮ ಹೆಸರುಗಳನ್ನು ಕೂಡಿಸಿ ‘ಸ್ಯಾಂಬೋಸ್’ ಎಂಬ ಹೋಟೆಲು ತೆರೆದರು. ಗೋಡೆ ಮೇಲೆ ಇದೇ ಹುಡುಗ, ಇದೇ ಹುಲಿಗಳು. ಅದು ಸಾವಿರಕ್ಕೂ ಹೆಚ್ಚು ಹೋಟೆಲುಗಳಾಗಿ ಬೆಳೆಯಿತು. ಕೊನೆಗೆ ಉಳಿದಿದ್ದು ಆ ಮೊದಲ ಹೋಟೆಲು ಒಂದೇ; ಅದು ಹೆಸರು ಬದಲಿಸಿದ್ದು 2020ರಲ್ಲಿ!

ಪುಸ್ತಕ ಸುಡಿ ಎನ್ನುತ್ತಿಲ್ಲ. 1996ರಲ್ಲಿ ಫ್ರೆಡ್ ಮಾರ್ಸೆಲಿನೊ ಎಂಬ ಚಿತ್ರಕಾರರು ಇದೇ ಕಥೆಗೆ ಇಂಡಿಯಾದ ಚಿತ್ರಗಳನ್ನು ಬರೆದರು. ಹುಡುಗ ಬಾಬಾಜಿ, ಅಮ್ಮ ಮಾಮಾಜಿ, ಅಪ್ಪ ಪಾಪಾಜಿ. ಹುಲಿಗಳು ಈಗಲೂ ಬಾಲ ಕಚ್ಚಿಕೊಂಡು ಓಡುತ್ತವೆ, ಈಗಲೂ ತುಪ್ಪವಾಗುತ್ತವೆ. ಮನೆಯಲ್ಲಿ ಓದುವುದಾದರೆ ಅದನ್ನು ತಂದು ಓದಿ. ನಮಸ್ಕಾರ.